ಟಚಪ್ ಇರಲಿ, ಮುಖ ಅವರದ್ದೇ ಇರಲಿ

ಫೋಟೋಶಾಪ್ ಬಂದದ್ದು 1990ರಲ್ಲಿ. ಟಚಪ್ ಅದಕ್ಕಿಂತ ಬಹಳ ಹಳೆಯದು. ಪ್ರಿಂಟ್‌ನಲ್ಲಿ ಕಪ್ಪಗೆ ಕಾಣುವ ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ. ಅಲ್ಲಿ ಚೂಪು ಪೆನ್ಸಿಲ್‌ನಿಂದ ಸೀಸ ತುಂಬಿ ಮೊಡವೆ ಮರೆಸುತ್ತಿದ್ದರು. ನಿಧಾನದ ಕೆಲಸ, ಅತಿ ಮಾಡಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಈಗ ಸ್ಲೈಡರ್ ಎಳೆದರೆ ಸಾಕು, ಮದುವೆ ಆಲ್ಬಂನಲ್ಲಿ ಅತ್ತೆ ಸೊಸೆ ಇಬ್ಬರಿಗೂ ಒಂದೇ ವಯಸ್ಸು! ಹಾಗಾಗದಂತೆ ಕೆಲಸ ಮುಗಿಸಲು ಈ ಸೂತ್ರಗಳು.

1. ಮೂಲ ಚಿತ್ರದ ಮೇಲೆ ಕೈ ಹಾಕಬೇಡಿ. ಮೇಲೊಂದು ಖಾಲಿ ಲೇಯರ್ ತೆರೆದು, ಹೀಲಿಂಗ್ ಬ್ರಷ್‌ಗೆ ಕೆಳಗಿನ ಲೇಯರ್‌ನಿಂದಲೂ ಸ್ಯಾಂಪಲ್ ತೆಗೆದುಕೊಳ್ಳಲು ಹೇಳಿ, ಅಲ್ಲೇ ಕೆಲಸ ಮಾಡಿ. ಪಿಎಸ್‌ಡಿ ಒಂದನ್ನು ಉಳಿಸಿಕೊಳ್ಳಿ. ಜೆಪೆಗ್ ಅನ್ನು ತೆರೆದು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಷ್ಟೂ ಅದು ಕೆಡುತ್ತದೆ. ಫೋಟೋಶಾಪ್‌ಗೆ ದುಡ್ಡು ಹಾಕಲಾಗದವರು ಉಚಿತವಾಗಿ ಸಿಗುವ ಗಿಂಪ್‌ನಲ್ಲೇ ಶುರುಮಾಡಿ.

2. ಮೊದಲು ಬಣ್ಣ, ಆಮೇಲೆ ಚರ್ಮ. ಕೆಂಪು ಶಾಮಿಯಾನದ ಕೆಳಗೆ ತೆಗೆದ ಫೋಟೋದಲ್ಲಿ ಎಲ್ಲರ ಮುಖವೂ ಕೆಂಪೇ. ಬಿಳಿ ಪಂಚೆ ಕಂಡರೆ ಅದರಿಂದ ವೈಟ್ ಬ್ಯಾಲೆನ್ಸ್ ಹಿಡಿಯಿರಿ. ಅನುಮಾನವಿದ್ದರೆ ಇನ್ಫೋ ಪ್ಯಾನೆಲ್‌ನಲ್ಲಿ ಕೆನ್ನೆಯ ಸಿಎಂವೈಕೆ ಅಂಕಿ ನೋಡಿ: ನಮ್ಮ ಮೈಬಣ್ಣದಲ್ಲಿ ಸಾಮಾನ್ಯವಾಗಿ ಹಳದಿ, ಮೆಜೆಂಟಾಗಿಂತ ಸ್ವಲ್ಪ ಮೇಲಿರುತ್ತದೆ. ಅರಿಶಿನ ಶಾಸ್ತ್ರದ ಫೋಟೋಗೆ ಮಾತ್ರ ಈ ಲೆಕ್ಕ ಬೇಡ. ಅಲ್ಲಿನ ಹಳದಿ ನಿಜವಾದದ್ದೇ.

3. ಎರಡು ವಾರದಲ್ಲಿ ತಾನಾಗಿಯೇ ಹೋಗುವುದನ್ನು ಮಾತ್ರ ತೆಗೆಯಿರಿ. ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಬ್ಲೇಡ್ ತಾಗಿದ ಗೀರು ಹೋಗಲಿ. ಮಚ್ಚೆ, ಹಳೆಯ ಗಾಯದ ಕಲೆ ಇವಕ್ಕೆಲ್ಲ ಕೇಳಿಯೇ ಕೈ ಹಾಕಿ. ಆಟೊಮ್ಯಾಟಿಕ್ ಟೂಲ್‌ಗಳನ್ನಂತೂ ಕಣ್ಣಿಟ್ಟು ಕಾಯಬೇಕು. ಅವಕ್ಕೆ ಮೂಗುತಿಯ ಹೊಳಪೂ ಕಲೆಯೇ, ಮಗುವಿನ ಕೆನ್ನೆಯ ದೃಷ್ಟಿಬೊಟ್ಟೂ ಕಲೆಯೇ. ನಾಮಕರಣದ ಆಲ್ಬಂನಲ್ಲಿ ದೃಷ್ಟಿಬೊಟ್ಟು ಅಳಿಸಿಹೋದರೆ ಅಜ್ಜಿಗೆ ಉತ್ತರ ಕೊಡಬೇಕಾದವರು ನೀವು.

4. ಬ್ಲರ್ ಬೇಡ. ರಂಧ್ರಗಳಿಲ್ಲದ ಚರ್ಮ ಅಂಗಡಿ ಬೊಂಬೆಯದ್ದು. ಚರ್ಮ ಸಮ ಮಾಡಲು ಡಾಡ್ಜ್ ಮತ್ತು ಬರ್ನ್ ಕಲಿಯಿರಿ, ಉಳಿದದ್ದು ನಿಧಾನಕ್ಕಾದರೂ ನಡೆಯುತ್ತದೆ. ಹೊಸ ಲೇಯರ್‌ಗೆ ಶೇಕಡಾ 50 ಬೂದು ಬಣ್ಣ ತುಂಬಿ, ಸಾಫ್ಟ್ ಲೈಟ್ ಮೋಡ್‌ಗೆ ಹಾಕಿ. ಬೂದು ಬಣ್ಣ ಕಾಣದಾಗುತ್ತದೆ. ಮೆತ್ತನೆಯ ಬ್ರಷ್, ಫ್ಲೋ 2ರಿಂದ 5ರೊಳಗೆ. ಕಪ್ಪಾದ ಕಡೆ ಬಿಳಿ, ಹೊಳೆಯುವ ಕಡೆ ಕಪ್ಪು, ಸವರುತ್ತಾ ಹೋಗಿ. ಚರ್ಮದ ಎಳೆ ಹಾಗೇ ಉಳಿದು ಏರುಪೇರು ಮಾತ್ರ ಸಮವಾಗುತ್ತದೆ. ಕಣ್ಣಿನ ಕೆಳಗಿನ ಕಪ್ಪನ್ನು ಪೂರ್ತಿ ಅಳಿಸಬೇಡಿ, ಅರ್ಧಕ್ಕೆ ಇಳಿಸಿ. ಆಗಾಗ ಝೂಮ್ ಹಿಂದಕ್ಕೆ ತಂದು ಇಡೀ ಮುಖ ನೋಡಿ. ಮೂಗಿನ ತುದಿಯೊಂದನ್ನೇ ಪರದೆ ತುಂಬ ಹಿಗ್ಗಿಸಿಕೊಂಡು ಕೂತವರೇ ಅತಿ ಮಾಡುವುದು.

5. "ಸ್ವಲ್ಪ ಬೆಳ್ಳಗೆ ಮಾಡಿ ಸಾರ್" ಎಂದರೆ ಬೆಳಕು ಕೊಡಿ, ಬಣ್ಣ ಬದಲಿಸಬೇಡಿ. ಕರ್ವ್ಸ್‌ನಲ್ಲಿ ಮಧ್ಯದ ಟೋನ್ ತುಸು ಎತ್ತಿ, ಹಣೆಯ ಜಿಡ್ಡಿನ ಹೊಳಪು ಇಳಿಸಿ. ಮುಖಕ್ಕೆ ಕಳೆ ಬರುತ್ತದೆ. ಗಿರಾಕಿ ಕೇಳಿದ್ದೂ ಬಹುಪಾಲು ಅದನ್ನೇ. ಮುಖವನ್ನಷ್ಟೇ ಬಿಳಿ ಮಾಡಿದರೆ ಕಿವಿ, ಕುತ್ತಿಗೆ, ಬಳೆ ತೊಟ್ಟ ಕೈ ಎಲ್ಲವೂ ಸಾಕ್ಷಿ ಹೇಳುತ್ತವೆ. ಹೆಣ್ಣು ನೋಡಲು ಕಳಿಸುವ ಫೋಟೋದಲ್ಲಿ ಹೀಗೆ ಮಾಡುವುದು ನನಗೆ ಮೋಸವೆಂದೇ ಅನಿಸುತ್ತದೆ.

6. ಕಣ್ಣಿನ ಬಿಳಿಭಾಗ ಸುಣ್ಣದ ಬಿಳಿಯಲ್ಲ. ಕೆಂಪು ಕಡಿಮೆ ಮಾಡಿ, ಸಾಕು. ಹಲ್ಲಿನ ಹಳದಿಗೂ ಇದೇ ಮಾತು. ಪಾಪೆಯಲ್ಲಿ ಮಿನುಗುವ ಬೆಳಕಿನ ಚುಕ್ಕಿ ಮುಟ್ಟಬೇಡಿ.

7. ಲಿಕ್ವಿಫೈನಲ್ಲಿ ಸೊಂಟ ತೆಳ್ಳಗಾದಾಗ ಹಿಂದಿನ ಕಂಬ ಬಾಗಿರುತ್ತದೆ, ಸೀರೆಯ ಅಂಚು ಸೊಟ್ಟಗಾಗಿರುತ್ತದೆ. ನೋಡುವವರು ಮೊದಲು ಹಿಡಿಯುವುದು ಅದನ್ನೇ.

8. ಪಾಸ್‌ಪೋರ್ಟ್‌ಗೆ ಕೊಡುವ ಫೋಟೋದಲ್ಲಿ ಮುಖಕ್ಕೆ ಟಚಪ್ ಬೇಡವೇ ಬೇಡ.

9. ಹಾರ ಹಾಕುವ ಫೋಟೋಗೆ ಹೆಚ್ಚು ಸಮಯ ಕೊಡಿ. ತೀರಿಹೋದ ಅಜ್ಜನದ್ದು ಸಿಗುವುದು ಬಹುಶಃ ಗ್ರೂಪ್ ಫೋಟೋದ ಮೂಲೆಯಲ್ಲಿ ಮಾತ್ರ. ಮೊಬೈಲ್‌ನಲ್ಲಿ ಕ್ಲಿಕ್ಕಿಸದೆ ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ. ಹಾಗೆ ಮಾಡಿದರೂ ಒಂದು ಸೆಂಟಿಮೀಟರ್ ಅಗಲದ ಮುಖಕ್ಕೆ ಸಿಗುವುದು ಸುಮಾರು 236 ಪಿಕ್ಸೆಲ್. ಅದನ್ನು 12×18 ಫ್ರೇಮಿಗೆ ಹಿಗ್ಗಿಸಿದರೆ ಮಸುಕೇ. ಚಿಕ್ಕ ಫ್ರೇಮ್ ಸಾಕೆಂದು ಮನೆಯವರನ್ನು ಒಪ್ಪಿಸಿ. ಮುಖ ಸ್ಪಷ್ಟ ಮಾಡುವ ಎಐ ಆ್ಯಪ್‌ಗಳು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ. ಫೋಟೋ ಥಳಥಳ ಹೊಳೆಯುತ್ತದೆ, ಒಳಗಿರುವುದು ಬೇರೆ ಯಾರೋ. ಬಳಸಲೇಬೇಕಾದರೆ ಆ ಲೇಯರ್‌ನ ಒಪ್ಯಾಸಿಟಿ ಶೇಕಡಾ 30ರ ಸುತ್ತ ಇಟ್ಟು, ಕಣ್ಣು ಬಾಯಿಗಳ ಜಾಗದಲ್ಲಿ ಮಾಸ್ಕ್ ಹಾಕಿ ಮೂಲವನ್ನೇ ಕಾಣಿಸಿ. ಜೀವಮಾನದಲ್ಲಿ ಕೋಟು ತೊಡದ ಅಜ್ಜನಿಗೆ ಕೋಟು ಅಂಟಿಸಬೇಡಿ, ಹೆಗಲ ಟವೆಲ್ ಇರಲಿ. ಪ್ರಿಂಟಿಗೆ ಮುಂಚೆ ಅಜ್ಜಿಗೆ ತೋರಿಸಿ. ಮೊಮ್ಮಕ್ಕಳ ಒಪ್ಪಿಗೆ ಸಾಲದು.

10. ಮಾನಿಟರ್‌ನ ಬ್ರೈಟ್‌ನೆಸ್ ಪೂರ್ತಿ ಏರಿಸಿ ಕೂತರೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಲ್ಯಾಬಿನವರನ್ನು ಬೈದು ಫಲವಿಲ್ಲ. ಲ್ಯಾಬಿನವರು ಬೇರೆ ಹೇಳದಿದ್ದರೆ ಫೈಲ್ ಎಸ್‌ಆರ್‌ಜಿಬಿಯಲ್ಲಿರಲಿ. ಇಡೀ ಆಲ್ಬಂ ಕಳಿಸುವ ಮೊದಲು ಒಂದೆರಡು ಮುಖಗಳನ್ನು 4×6ರಲ್ಲಿ ಹಾಕಿಸಿ, ಹಗಲು ಬೆಳಕಿಗೆ ಹಿಡಿದು ನೋಡಿ.