ಅಪಧಮನಿಗಳ ಆರೋಗ್ಯ: ಮಲೆನಾಡಿನ ಗ್ರಾಮಗಳಿಗೆ ಒಂದು ಅಧ್ಯಯನ ಪಾಠ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು, ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗಳು, ಸ್ವಸಹಾಯ ಸಂಘಗಳು ಹಾಗೂ ಅರಿವು ಕೇಂದ್ರಗಳಲ್ಲಿ ಓದಿ ಚರ್ಚಿಸುವ ಸಲುವಾಗಿ)

ಪೀಠಿಕೆ

ಹೃದಯದಿಂದ ಹೊರಟ ರಕ್ತವನ್ನು ದೇಹದ ಅಂಗಾಂಗಗಳಿಗೆ ಒಯ್ಯುವ ನಾಳಗಳೇ ಅಪಧಮನಿಗಳು. ಅವುಗಳನ್ನು ಬಾಧಿಸುವ ರೋಗವು ಎರಡು ವೇಗಗಳಲ್ಲಿ ಸಾಗುತ್ತದೆ. ನಾಳವು ಕಿರಿದಾಗಲು ಹತ್ತಾರು ವರ್ಷಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಸಾಮಾನ್ಯವಾಗಿ ನೋವೂ ಇಲ್ಲ, ಸೂಚನೆಯೂ ಇಲ್ಲ. ಹಾಗೆ ಕಿರಿದಾದ ನಾಳವು ಮುಚ್ಚಿಹೋಗಲು ಮಾತ್ರ ಕೆಲವೇ ನಿಮಿಷಗಳು ಸಾಕು. ಆದುದರಿಂದ ಪ್ರತಿ ಕುಟುಂಬವೂ ಎರಡು ಅಭ್ಯಾಸಗಳನ್ನು ರೂಢಿಸಿಕೊಳ್ಳಬೇಕು: ಆರೋಗ್ಯವಾಗಿರುವಾಗಲೇ ರಕ್ತದೊತ್ತಡ ಮತ್ತು ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿಕೊಳ್ಳುವುದು, ಲಕ್ಷಣ ಕಂಡೊಡನೆ ಕಾಯದೆ ಆಸ್ಪತ್ರೆಗೆ ಹೊರಡುವುದು. ಒಂಟಿ ಮನೆಗಳೂ ತಿರುವಿನ ರಸ್ತೆಗಳೂ ಹೆಚ್ಚಾಗಿರುವ ನಮ್ಮ ಮೂರು ತಾಲ್ಲೂಕುಗಳಲ್ಲಿ ಇವೆರಡೂ ಜೀವನ್ಮರಣದ ವಿಷಯಗಳಾಗಿವೆ.

1. ಅಪಧಮನಿಯ ರಚನೆ ಮತ್ತು ಕಾರ್ಯ

ಮರಣಾನಂತರ ಅಪಧಮನಿಗಳು ಬರಿದಾಗಿ ಕಾಣುತ್ತಿದ್ದುದರಿಂದ ಪ್ರಾಚೀನ ಗ್ರೀಕ್ ವೈದ್ಯರಲ್ಲಿ ಕೆಲವರು ಅವು ಗಾಳಿಯನ್ನು ಒಯ್ಯುತ್ತವೆ ಎಂದು ಭಾವಿಸಿದ್ದರು. ರಕ್ತವು ಹೃದಯದಿಂದ ಹೊರಟು ಮತ್ತೆ ಹೃದಯಕ್ಕೇ ಮರಳುತ್ತದೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು.

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 70 ಬಾರಿ ಮಿಡಿದು, ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಈ ರಕ್ತವು ಮಹಾಪಧಮನಿಯ ಮೂಲಕ ಹೊರಟು, ಕವಲೊಡೆಯುತ್ತ ಸಾಗುವ ಅಪಧಮನಿಗಳನ್ನು ದಾಟಿ, ಕೂದಲೆಳೆಗಿಂತಲೂ ಸೂಕ್ಷ್ಮವಾದ ಲೋಮನಾಳಗಳನ್ನು ತಲುಪುತ್ತದೆ. ಅಲ್ಲಿ ಆಮ್ಲಜನಕ ಮತ್ತು ಪೋಷಕಾಂಶಗಳನ್ನು ಜೀವಕೋಶಗಳಿಗೆ ಒಪ್ಪಿಸಿ, ಅಭಿಧಮನಿಗಳ ಮೂಲಕ ಹಿಂದಿರುಗುತ್ತದೆ.

ಅಪಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ. ಹೊರಪದರವು ನಾಳಕ್ಕೆ ಬಲ ನೀಡುತ್ತದೆ. ನಡುಪದರದಲ್ಲಿ ಸ್ನಾಯುಗಳೂ ಹಿಗ್ಗಿ ಕುಗ್ಗುವ ಎಳೆಗಳೂ ಇವೆ. ಒಳಪದರದ ಮೇಲ್ಮೈ ಕೇವಲ ಒಂದು ಜೀವಕೋಶದಷ್ಟು ದಪ್ಪವಾಗಿದ್ದರೂ ಅದರ ಕೆಲಸ ದೊಡ್ಡದು: ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಉತ್ಪಾದಿಸಿ, ರಕ್ತವು ಗೋಡೆಗೆ ಅಂಟಿ ಹೆಪ್ಪುಗಟ್ಟದಂತೆ ಅದು ಕಾಯುತ್ತದೆ.

ಗುಡ್ಡದ ಅಬ್ಬಿಯಿಂದ ಮನೆಯಂಗಳಕ್ಕೆ ಪೈಪಿನಲ್ಲಿ ನೀರು ತರುವ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಪರಿಚಿತ. ಅಪಧಮನಿಯು ಅಂತಹ ಜಡವಾದ ಪೈಪಲ್ಲ. ಹೃದಯ ಸಂಕುಚಿಸಿದಾಗ ಅದು ಹಿಗ್ಗುತ್ತದೆ. ಹೃದಯ ಸಡಿಲಗೊಂಡಾಗ ತಾನೇ ಕುಗ್ಗಿ ರಕ್ತವನ್ನು ಮುಂದೂಡುತ್ತದೆ. ಮಣಿಕಟ್ಟಿನಲ್ಲಿ ಬೆರಳಿಗೆ ತಾಗುವ ನಾಡಿ ಈ ಹಿಗ್ಗುವಿಕೆಯದೇ ಅಲೆ. ರಕ್ತದೊತ್ತಡದ ಎರಡು ಸಂಖ್ಯೆಗಳಿಗೂ ಇದೇ ಆಧಾರ: 120/80 ಎಂಬಲ್ಲಿ ಮೊದಲನೆಯದು ಹೃದಯ ಸಂಕುಚಿಸಿದಾಗಿನ ಒತ್ತಡ, ಎರಡನೆಯದು ಸಡಿಲಗೊಂಡಾಗಿನ ಒತ್ತಡ.

2. ನಾಳವು ಕೆಡುವ ಬಗೆ

ಅಧಿಕ ರಕ್ತದೊತ್ತಡ, ತಂಬಾಕು, ಮಧುಮೇಹ ಹಾಗೂ ರಕ್ತದಲ್ಲಿ ಹೆಚ್ಚಾದ ಕೆಟ್ಟ ಕೊಲೆಸ್ಟರಾಲ್ ನಾಳದ ಒಳಪದರವನ್ನು ಗಾಸಿಗೊಳಿಸುತ್ತವೆ. ಗಾಸಿಗೊಂಡ ಕಡೆ ಕೊಬ್ಬು ಗೋಡೆಯೊಳಕ್ಕೆ ಸೇರುತ್ತದೆ. ಅದನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಅಲ್ಲಿಯೇ ಉಳಿದು ಉರಿಯೂತವನ್ನುಂಟುಮಾಡುತ್ತವೆ. ಕಾಲಕ್ರಮೇಣ ಅಲ್ಲಿ ಕೊಬ್ಬಿನ ದಿಣ್ಣೆ ಬೆಳೆದು, ಸುಣ್ಣದಂಶ ಸೇರಿ, ನಾಳವು ಗಡುಸಾಗುತ್ತದೆ. ಇದೇ ಅಪಧಮನಿ ಕಾಠಿಣ್ಯ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರಾಣಾಪಾಯ ತರುವುದು ಯಾವಾಗಲೂ ದೊಡ್ಡ ದಿಣ್ಣೆಯೇ ಆಗಿರಬೇಕಿಲ್ಲ. ಚಿಕ್ಕ ದಿಣ್ಣೆಯ ಹೊದಿಕೆ ಬಿರಿದರೂ ದೇಹವು ಅದನ್ನು ಗಾಯವೆಂದೇ ಬಗೆದು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ; ಆ ಹೆಪ್ಪು ನಾಳವನ್ನು ಮುಚ್ಚುತ್ತದೆ. ನಿನ್ನೆಯವರೆಗೆ ತೋಟದಲ್ಲಿ ದುಡಿದ ವ್ಯಕ್ತಿ ಇಂದು ಹಠಾತ್ತನೆ ಕುಸಿಯುವುದಕ್ಕೆ ಇದೊಂದು ಮುಖ್ಯ ಕಾರಣ. ‘ನನಗೇನೂ ತೊಂದರೆಯಿಲ್ಲ’ ಎಂಬ ಅನುಭವವು ನಾಳಗಳ ಆರೋಗ್ಯಕ್ಕೆ ಪ್ರಮಾಣವಾಗಲಾರದು.

3. ಯಾವ ಅಂಗದಲ್ಲಿ ಯಾವ ಲಕ್ಷಣ?

ಹೃದಯ: ಹೃದಯಸ್ನಾಯುವಿಗೆ ರಕ್ತ ಒದಗಿಸುವ ನಾಳ ಮುಚ್ಚಿದರೆ ಹೃದಯಾಘಾತವಾಗುತ್ತದೆ. ಎದೆಯ ನಡುವೆ ಹಿಂಡಿದಂತಹ ಭಾರ, ತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು ಇದರ ಲಕ್ಷಣಗಳು. ಮಹಿಳೆಯರು, ವೃದ್ಧರು ಹಾಗೂ ಮಧುಮೇಹಿಗಳಲ್ಲಿ ಎದೆನೋವಿಲ್ಲದೆ ಏದುಸಿರು, ವಾಂತಿ ಅಥವಾ ವಿಪರೀತ ಸುಸ್ತು ಮಾತ್ರ ಕಾಣಬಹುದು. ಇದನ್ನು ‘ಗ್ಯಾಸ್ಟ್ರಿಕ್’ ಎಂದು ಭಾವಿಸಿ ಸೋಡಾ, ಜೀರಿಗೆ ಕಷಾಯ ಕುಡಿದು ಬೆಳಗಾಗುವುದನ್ನು ಕಾಯುವುದು ಅತ್ಯಂತ ಅಪಾಯಕರ.

ಮಿದುಳು: ಮಿದುಳಿನ ನಾಳ ಮುಚ್ಚಿದರೆ ಅಥವಾ ಒಡೆದರೆ ಪಾರ್ಶ್ವವಾಯು ಉಂಟಾಗುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಇದರ ಲಕ್ಷಣಗಳು. ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಅದನ್ನು ಮುನ್ಸೂಚನೆಯೆಂದೇ ತಿಳಿದು ಅಂದೇ ವೈದ್ಯರನ್ನು ಕಾಣಬೇಕು.

ಕಾಲು: ಗದ್ದೆಯಿಂದ ದಿಬ್ಬ ಹತ್ತುವಾಗ ಮೀನಖಂಡದಲ್ಲಿ ನೋವು ಕಾಣಿಸಿ, ನಿಂತೊಡನೆ ಕಡಿಮೆಯಾಗುತ್ತಿದ್ದರೆ ಅದು ವಯಸ್ಸಿನ ನೋವಷ್ಟೇ ಆಗಿರದೆ, ಕಾಲಿನ ಅಪಧಮನಿ ಕಿರಿದಾದುದರ ಗುರುತಾಗಿರಬಹುದು. ಬೀಡಿ ಸೇದುವ ಯುವಕರಲ್ಲಿ ಬರ್ಗರ್ ಕಾಯಿಲೆಯಿಂದ ಬೆರಳುಗಳು ಕಪ್ಪಾಗಿ ಕೊಳೆಯುವುದುಂಟು. ತಂಬಾಕನ್ನು ಪೂರ್ಣವಾಗಿ ತ್ಯಜಿಸದೆ ಅದು ನಿಲ್ಲುವುದಿಲ್ಲ. ಬರಿಗಾಲಿನಲ್ಲಿ ತೋಟಕ್ಕೆ ಹೋಗುವ ಮಧುಮೇಹಿಗಳು ಪ್ರತಿ ಸಂಜೆ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು.

4. ನಮ್ಮ ಊಟ, ನಮ್ಮ ಅಭ್ಯಾಸ

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಮಲೆನಾಡಿನ ಹೆಮ್ಮೆ. ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು ಇವೆಲ್ಲವೂ ಒಂದೇ ಊಟದಲ್ಲಿ ಸೇರಿದರೆ ಉಪ್ಪಿನ ಮಿತಿ ಸುಲಭವಾಗಿ ಮೀರುತ್ತದೆ. ರಕ್ತದೊತ್ತಡವಿರುವವರು ಇವುಗಳನ್ನು ನಿತ್ಯದ ಬದಲು ಅಪರೂಪಕ್ಕೆ ಬಳಸುವುದು ಒಳಿತು. ಎಲೆ-ಅಡಿಕೆಯೊಡನೆ ಹೊಗೆಸೊಪ್ಪು ಸೇರಿದಾಗ ಅದರ ನಿಕೋಟಿನ್ ನಾಳಗಳನ್ನು ಬಿಗಿಗೊಳಿಸುತ್ತದೆ. ಹೊಗೆಯಿಲ್ಲದ ತಂಬಾಕು ನಿರಪಾಯವೆಂಬುದು ತಪ್ಪು ತಿಳಿವಳಿಕೆ.

30 ವರ್ಷ ದಾಟಿದ ಪ್ರತಿಯೊಬ್ಬರೂ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಮಾಡಿಸಿಕೊಳ್ಳಬೇಕು. ರಾಜ್ಯ ಸರ್ಕಾರವು 2024ರಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಗೆ ಬಂದಾಗ ಸಹಕರಿಸಬೇಕು. ಹಲವು ಬಾರಿ ಅಳೆದಾಗಲೂ ಒತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆಯ ಕುರಿತು ವೈದ್ಯರನ್ನು ಕಾಣುವುದು ಅವಶ್ಯ. ‘ಈಗ ನಾರ್ಮಲ್ ಆಗಿದೆ’ ಎಂದು ಮಾತ್ರೆ ನಿಲ್ಲಿಸಬಾರದು. ನಾರ್ಮಲ್ ಆಗಿರುವುದು ಮಾತ್ರೆಯ ಬಲದಿಂದ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಡಿತಗೊಳ್ಳುವ ಊರುಗಳವರು ಮುಂಗಾರಿಗೆ ಮೊದಲೇ ಕನಿಷ್ಠ ಒಂದು ತಿಂಗಳ ಮಾತ್ರೆಯನ್ನು ಸಂಗ್ರಹಿಸಿಟ್ಟುಕೊಳ್ಳುವುದು ಸೂಕ್ತ.

5. ಹೊತ್ತಿನ ಬೆಲೆ

ಹೃದಯದ ನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೋಪ್ಲಾಸ್ಟಿ ಉತ್ತಮ ಚಿಕಿತ್ಸೆ. ಆದರೆ ರೋಗ ಪತ್ತೆಯಾದ ಎರಡು ಗಂಟೆಯೊಳಗೆ ಅದು ದೊರೆಯುವಂತಿಲ್ಲದಿದ್ದರೆ, ಅರ್ಹ ರೋಗಿಗಳಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲಿಯೇ ನೀಡಿ ಮುಂದಕ್ಕೆ ಕಳುಹಿಸುವುದು ಕ್ರಮ. ಮೂರೂ ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗ ನಗರವು ಸುಮಾರು 60ರಿಂದ 70 ಕಿ.ಮೀ. ದೂರದಲ್ಲಿದೆ, ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ದಾರಿ ಬೇರೆ. ಆದಕಾರಣ ಈ ಕ್ರಮ ನಮಗೆ ಬಹಳ ಮುಖ್ಯ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ನಿಧನರಾದುದು ನಾಡಿಗೇ ಆಘಾತ ತಂದಿತು. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಪರಿಶೀಲಿಸುತ್ತಾರೆ. ಅಗತ್ಯವಿದ್ದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ತಮ್ಮ ಭಾಗಕ್ಕೆ ಈ ಸೌಲಭ್ಯ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಪ್ರತಿ ಗ್ರಾಮ ಪಂಚಾಯಿತಿಯೂ ವಿಚಾರಿಸಿ ಸೂಚನಾ ಫಲಕದಲ್ಲಿ ಬರೆಸಬೇಕು.

ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಮಿತಿಯಿದೆ. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದನ್ನು ತಿಳಿಯಲು ಸಿಟಿ ಸ್ಕ್ಯಾನ್ ಅಗತ್ಯವಾದುದರಿಂದ, ಆ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಬೇಕು. ಸ್ಕ್ಯಾನ್‌ಗೆ ಮೊದಲು ಮನೆಯಲ್ಲಿ ಆಸ್ಪಿರಿನ್ ಮಾತ್ರೆ ಕೊಡಬಾರದು.

ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು ದಶಕಗಳ ಕಾಲ ಲಾಂಚಿಗಾಗಿ ಕಾಯುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡು ಆ ಕಾಯುವಿಕೆ ತಪ್ಪಿದೆ. ಆದರೆ ‘ಸ್ವಲ್ಪ ನೋಡೋಣ’ ಎಂದು ಮನೆಯಲ್ಲಿಯೇ ಕಳೆಯುವ ಹೊತ್ತನ್ನು ಯಾವ ಸೇತುವೆಯೂ ತಪ್ಪಿಸಲಾರದು.

6. ಸಭೆಗಳಲ್ಲಿ ಚರ್ಚಿಸಿ ತೀರ್ಮಾನಿಸಬೇಕಾದ ಅಂಶಗಳು

ಅ) ಗ್ರಾಮದ ಯಾವ ಸ್ಥಳಗಳಲ್ಲಿ ಮೊಬೈಲ್ ಸಂಪರ್ಕ ಸಿಗುತ್ತದೆ? ರಾತ್ರಿ ವೇಳೆ 108ಕ್ಕೆ ಕರೆ ಮಾಡುವವರು ಯಾರು?
ಆ) ಆಂಬುಲೆನ್ಸ್ ಬರಲಾಗದ ಮನೆಗಳು ಎಷ್ಟು? ರೋಗಿಯನ್ನು ನಡೆಸದೆ ಮುಖ್ಯರಸ್ತೆಗೆ ತರುವ ವ್ಯವಸ್ಥೆ ಏನು?
ಇ) ತುರ್ತಿಗೆ ಒದಗುವ ವಾಹನ ಮಾಲೀಕರ ಪಟ್ಟಿ ಸಿದ್ಧವಿದೆಯೇ?
ಈ) 30 ವರ್ಷ ದಾಟಿದವರಲ್ಲಿ ಇನ್ನೂ ತಪಾಸಣೆಯಾಗದವರು ಎಷ್ಟು ಮಂದಿ?
ಉ) ರಕ್ತದೊತ್ತಡದ ಮಾತ್ರೆಯನ್ನು ನಡುವೆ ನಿಲ್ಲಿಸಿದವರನ್ನು ಆಶಾ ಕಾರ್ಯಕರ್ತೆಯರು ಗುರುತಿಸಿದ್ದಾರೆಯೇ?

ಈ ಪಾಠವನ್ನು ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯ ಮುಂದಿನ ಸಭೆಯಲ್ಲಿ ಓದಿಸಿ, ಮೇಲ್ಕಂಡ ಅಂಶಗಳ ಬಗ್ಗೆ ಕೈಗೊಂಡ ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸುವಂತೆ ಕೋರಲಾಗಿದೆ.