ಗುಂಡಿಮಗ್ಗ ಎದ್ದು ನಿಂತ ಪುಟ

ತೆರೆದಾಗ ಚಿತ್ರ ಎದ್ದು ನಿಲ್ಲುವ, ಮುಚ್ಚಿದಾಗ ಮಡಚಿಕೊಳ್ಳುವ ಪುಸ್ತಕವೇ ಪಾಪ್-ಅಪ್ ಪುಸ್ತಕ. ಪೂರ್ವಿಕರ ಹುಡುಕಾಟಕ್ಕೆ ಇದನ್ನು ಬಳಸಿ ಹೆಸರಾದವರು ಅಮೆರಿಕದ ಕಲಾವಿದೆ ಕೊಲೆಟ್ ಫು. ಇಂಗ್ಲಿಷ್ ಕಲಿಸಲು ಚೀನಾದ ಯುನ್ನಾನಿಗೆ ಹೋಗಿದ್ದಾಗ, ತಮ್ಮ ಮುತ್ತಜ್ಜ ಅಲ್ಪಸಂಖ್ಯಾತ ಯಿ ಜನಾಂಗದವರು, ಆ ಪ್ರಾಂತದ ಗವರ್ನರ್ ಆಗಿದ್ದವರು ಎಂಬುದು ಅವರಿಗೆ ತಿಳಿಯಿತು. 2008ರಲ್ಲಿ ಫುಲ್‌ಬ್ರೈಟ್ ಫೆಲೋಶಿಪ್ ನೆರವಿನಿಂದ ಮತ್ತೆ ಹೋಗಿ ಅಲ್ಲಿನ ಸಮುದಾಯಗಳ ಫೋಟೊ ತೆಗೆದರು. ಆ ಫೋಟೊಗಳನ್ನೇ ಕತ್ತರಿಸಿ, ಮಡಚಿ ಪುಸ್ತಕ ಕಟ್ಟಿದರು.

ತಮಿಳುನಾಡಿನ ಸೇಲಂ ಸೀಮೆಯ ಕನ್ನಡ ದೇವಾಂಗ ನೇಕಾರರ ಮನೆಗಳಿಗೂ ಈ ದಾರಿ ಒಗ್ಗುತ್ತದೆ. ಅಲ್ಲಿ ಮನೆಮಾತು ಕನ್ನಡ, ಶಾಲೆಯ ಮಾತು ತಮಿಳು. ಕನ್ನಡ ಆಡುವ ಎಷ್ಟೋ ಮಂದಿಗೆ ಅದರ ಲಿಪಿ ಬಾರದು. ಕೈಯಲ್ಲಿ ಬಿಚ್ಚಿ ನೋಡುವ ಪುಸ್ತಕಕ್ಕೆ ಲಿಪಿಯ ಹಂಗು ಕಡಿಮೆ.

ಅಂಥ ಒಂದು ಮನೆತನದ ಪುಸ್ತಕ ಕಟ್ಟುವಾಗ ಮೊದಲು ಕೈಕೊಟ್ಟದ್ದು ಕಾಗದ. ದಪ್ಪ ಹಾಳೆಗೂ ಮರದಂತೆ ಎಳೆಯ ದಿಕ್ಕು ಇರುತ್ತದೆ. ಎಳೆಗೆ ಅಡ್ಡವಾಗಿ ಮಡಚಿದರೆ ಮಡಿಕೆ ಬಿರಿಯುತ್ತದೆ. ಎರಡೂ ದಿಕ್ಕಿಗೆ ಮೆಲ್ಲನೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ದಿಕ್ಕಿಗೇ ನಡುಮಡಿಕೆ ಬರುವಂತೆ ಕತ್ತರಿಸಬೇಕು.

ಮಗ್ಗದ ಪುಟ ಕಲಿಸಿದ್ದು ಇನ್ನೂ ಹೆಚ್ಚು. ಮೊದಲ ಮಾದರಿಯಲ್ಲಿ ಮಗ್ಗ ಮೇಜಿನಂತೆ ಎದ್ದು ನಿಂತಿತ್ತು. ಮನೆಯ ಅಜ್ಜಿ ಅದನ್ನು ನೋಡಿ, “ಕಾಲು ಎಲ್ಲಿ ಬಿಡೋದು?” ಎಂದರು. ಗುಂಡಿಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂತು, ಗುಂಡಿಗೆ ಕಾಲು ಇಳಿಬಿಟ್ಟು ತುಳಿಯುತ್ತಾನೆ. ಪುಟದಡಿ ಗುಂಡಿ ತೋಡುವಂತಿಲ್ಲ; ಹಾಗಾಗಿ ನೆಲವನ್ನೇ ಕಾಗದದ ಕಂಬಗಳ ಮೇಲೆ ಎತ್ತಿ, ಮೇಲೆ ಮಗ್ಗ, ಕೆಳಗೆ ಕಾಲು ಕಾಣುವಂತೆ ಮಾಡಬೇಕಾಯಿತು. ಎಷ್ಟು ಕೇಳಿದರೂ ಯಾರ ಬಾಯಲ್ಲೂ ಬಾರದ ವಿವರ, ತಪ್ಪು ಮಾದರಿಯನ್ನು ಎದುರಿಗಿಟ್ಟ ಕೂಡಲೇ ಹೊರಬಂತು. ಆಮೇಲೆ ಪ್ರತಿ ಪುಟದ ಕಚ್ಚಾ ಮಾದರಿಯೂ ಮೊದಲು ಅಜ್ಜಿಯ ಕೈಗೆ ಹೋಯಿತು.

ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತಂದ, ದಾರಿಯಲ್ಲಿ ಎರಗಿದ ಅಸುರರಿಂದ ಅವನನ್ನು ಚೌಡೇಶ್ವರಿ ಕಾಪಾಡಿದಳು ಎಂಬುದು ದೇವಾಂಗರ ಐತಿಹ್ಯ. ಆ ಕಥೆಗೆ ಮಾಡಿದ, ತಾವರೆ ಅರಳುವ ಪುಟಕ್ಕೆ ಮಗ್ಗದಲ್ಲಿ ಉಳಿದ ನೂಲನ್ನೇ ಕಟ್ಟಲಾಯಿತು. ಇಂಥ ನೂಲನ್ನು ಪುಸ್ತಕ ಪೂರ್ತಿ ಬಿಚ್ಚಿಟ್ಟು ಅಳೆಯಬೇಕು. ಮುಚ್ಚಿದ ಪುಸ್ತಕದ ಅಳತೆಗೆ ಕಟ್ಟಿದ ಮೊದಲ ನೂಲು, ತೆರೆದ ಕೂಡಲೇ ತಾವರೆಯನ್ನೇ ಕಿತ್ತುಹಾಕಿತು.

ಚರಿತ್ರೆಯ ಪುಟಕ್ಕೆ ಹೆಚ್ಚು ಎಚ್ಚರ ಬೇಕು. ಸೇಲಂ ಪಕ್ಕದ ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ 9ನೇ ಶತಮಾನದ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಈ ನೆಲದಲ್ಲಿ ಕನ್ನಡ ಎಷ್ಟು ಹಳೆಯದು ಎಂದು ತೋರಿಸಲು ಶಾಸನದ ಕಲ್ಲನ್ನು ನಿಲ್ಲಿಸಬಹುದು. ಆದರೆ ಅದು ಅರಸರ ಕಾಲದ ಸಾಕ್ಷಿ, ನೇಕಾರರ ವಂಶಾವಳಿಗೆ ಅದನ್ನು ಅಂಟಿಸುವುದು ಸಲ್ಲದು. ಹಾಗಾಗಿ ಕಲ್ಲಿಗೆ ಒಂದು ಪುಟ, ಮನೆತನಕ್ಕೆ ಬೇರೆ ಪುಟ.

ಲಾಳಿ, ಹಣಿಗೆ, ಹಾಸು, ಹೊಕ್ಕು ಎಂಬ ನೇಯ್ಗೆಯ ಮನೆಮಾತಿನ ಪದಗಳು ಸಣ್ಣ ಕಾಗದದ ಬಾಗಿಲುಗಳ ಹಿಂದೆ ಕೂತವು, ಮೊಮ್ಮಕ್ಕಳು ಓದಬೇಕೆಂದು ತಮಿಳು ಲಿಪಿಯಲ್ಲಿ, ಅದರಡಿ ಕನ್ನಡ ಲಿಪಿಯಲ್ಲಿ.