ಲಕ್ಷಣಗಳ ಪಟ್ಟಿಯಿಂದಾಚೆಗೆ: ಸ್ಕಿಜೋಫ್ರೇನಿಯಾ ಪಾಠದ ಮರುಯೋಜನೆ

ಬೋಧನಾಭ್ಯಾಸದ ಅವಧಿಯಲ್ಲಿ ದ್ವಿತೀಯ ಪಿಯುಸಿ ಮನೋವಿಜ್ಞಾನದ ತರಗತಿಯೊಂದನ್ನು ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಸ್ಕಿಜೋಫ್ರೇನಿಯಾದ ಲಕ್ಷಣಗಳನ್ನು ಕಪ್ಪುಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆದು ವಿವರಿಸಿದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಈ ಕಾಯಿಲೆ ಬಂದವರು ಮತ್ತೆ ಕಾಲೇಜಿಗೆ ಬರಬಹುದಾ?” ಎಂದು ಕೇಳಿದಳು. “ಅದು ಪರೀಕ್ಷೆಗೆ ಬರಲ್ಲಮ್ಮ, ಕೂತ್ಕೋ” ಎಂಬ ಉತ್ತರ ಬಂತು. ಅವಳು ಯಾರ ಸಲುವಾಗಿ ಕೇಳಿದಳೋ ನಮಗೆ ತಿಳಿಯದು, ವಿಚಾರಿಸುವುದೂ ಸಲ್ಲದು. ಆದರೆ ಆ ಪಾಠದ ಮುಖ್ಯ ಪ್ರಶ್ನೆ ಅದೇ ಆಗಿತ್ತು. ಪಾಠಾನಂತರದ ಚರ್ಚೆಯಲ್ಲಿ ನಾವಿಬ್ಬರೂ ಕುಳಿತು ಮರುದಿನದ ಪಾಠವನ್ನು ಆ ಪ್ರಶ್ನೆಯ ಸುತ್ತ ಹೀಗೆ ಯೋಜಿಸಿದೆವು.

ಉದ್ದೇಶಗಳು
೧. ಕಾಯಿಲೆಯ ಲಕ್ಷಣಕ್ಕೂ ಅದು ದಿನನಿತ್ಯದ ಬದುಕಿನಲ್ಲಿ ಉಂಟುಮಾಡುವ ತೊಡಕಿಗೂ ಇರುವ ಸಂಬಂಧವನ್ನು ವಿವರಿಸುವರು.
೨. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಸಹಪಾಠಿಯೊಡನೆ ನಡೆದುಕೊಳ್ಳುವ ಬಗೆಯನ್ನು ತಿಳಿಸುವರು.

ವಿಷಯ ನಿರೂಪಣೆ
ಮೊದಲು ಹೆಸರು. ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈ ಪದವನ್ನು ಬಳಕೆಗೆ ತಂದರು. ಅವರು ಹೇಳಿದ್ದು ಆಲೋಚನೆ, ಭಾವನೆಗಳ ನಡುವಿನ ಕೊಂಡಿ ಸಡಿಲವಾಗುವುದನ್ನು. ಸಿನಿಮಾಗಳಲ್ಲಿ ಕಾಣುವಂತೆ ‘ಒಬ್ಬರೊಳಗೆ ಇಬ್ಬರು’ ಎಂಬುದು ಇದರ ಅರ್ಥವಲ್ಲ.

ಲಕ್ಷಣಗಳನ್ನು ಮೂರು ಗುಂಪಾಗಿ ಬರೆಯಿರಿ. ಹೊಸದಾಗಿ ಸೇರಿಕೊಳ್ಳುವವು: ಯಾರೂ ಮಾತಾಡದಿದ್ದರೂ ದನಿ ಕೇಳಿಸುವುದು, ಆಧಾರವಿಲ್ಲದ ನಂಬಿಕೆ ಬಲವಾಗಿ ಹಿಡಿಯುವುದು. ಕಡಿಮೆಯಾಗುವವು: ಉತ್ಸಾಹ, ಮಾತು, ಮುಖದ ಭಾವ, ಜನರೊಡನೆ ಬೆರೆಯುವ ಆಸೆ. ಮೂರನೆಯದು ಗಮನ ಮತ್ತು ನೆನಪಿನ ತೊಂದರೆ. ಔಷಧಿಯಿಂದ ಮೊದಲ ಗುಂಪಿನ ಲಕ್ಷಣಗಳು ಅನೇಕರಲ್ಲಿ ತಗ್ಗುತ್ತವೆ. ಉಳಿದೆರಡರ ಮೇಲೆ ಅದರ ಪರಿಣಾಮ ಕಡಿಮೆ. ಆದ್ದರಿಂದಲೇ ದನಿಗಳು ನಿಂತ ಮೇಲೂ ಸ್ನಾನ, ಗೆಳೆತನ, ಓದು, ದುಡಿಮೆ, ಅಂಗಡಿಗೆ ಹೋಗಿ ಬರುವಂಥ ಕೆಲಸಗಳು ಕಷ್ಟವಾಗಬಹುದು. ಮನೆಯವರು ಇದನ್ನು ‘ಸೋಮಾರಿತನ’ ಎನ್ನುತ್ತಾರೆ, ಶಿಕ್ಷಕರು ‘ಆಸಕ್ತಿಯಿಲ್ಲ’ ಎನ್ನುತ್ತಾರೆ. ಎರಡೂ ಕಾಯಿಲೆಯ ಭಾಗವನ್ನು ಗುಣದೋಷವೆಂದು ತಿಳಿದದ್ದರ ಫಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆಯಿದೆ. ಹದಿಹರೆಯದ ಕೊನೆಯಿಂದ ಇಪ್ಪತ್ತರ ಹರೆಯದೊಳಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅಂದರೆ ನಮ್ಮ ವಿದ್ಯಾರ್ಥಿಗಳ ವಯಸ್ಸಿನಲ್ಲೇ.

ಇನ್ನು ಹುಡುಗಿಯ ಪ್ರಶ್ನೆ. ಉತ್ತರ: ಹೌದು, ಅನೇಕರು ಬರಬಹುದು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ನಡೆಸಿದ ಅಧ್ಯಯನದಲ್ಲಿ, ಚಿಕಿತ್ಸೆ ಆರಂಭಿಸಿದವರ ದಿನನಿತ್ಯದ ನಿರ್ವಹಣೆ ವರ್ಷದೊಳಗೆ ಸುಧಾರಿಸಿತು. ಎಲ್ಲರ ಚೇತರಿಕೆಯೂ ಒಂದೇ ಬಗೆಯದಲ್ಲ ಎಂಬುದನ್ನೂ ಮರೆಮಾಚದೆ ಹೇಳಬೇಕು.

ಚಟುವಟಿಕೆ
ಕಿವಿಯಲ್ಲಿ ಪಿಸುಗುಟ್ಟಿ ‘ದನಿ ಕೇಳಿಸುವ’ ಅನುಭವ ಕೊಡುವ ಚಟುವಟಿಕೆ ಪ್ರಶಿಕ್ಷಣಾರ್ಥಿಗಳಿಗೆ ಪ್ರಿಯ. ಅದನ್ನು ಕೈಬಿಡಿ. ಇಂಥ ಅನುಕರಣೆ ಸಹಾನುಭೂತಿಯ ಜೊತೆಗೆ ದೂರವಿರುವ ಬಯಕೆಯನ್ನೂ ಹೆಚ್ಚಿಸಬಲ್ಲದೆಂದು ಸಂಶೋಧನೆಗಳು ತೋರಿಸಿವೆ. ಬದಲಿಗೆ ಗುಂಪುಗಳಿಗೆ ಒಂದು ಸನ್ನಿವೇಶ ಕೊಡಿ: “ಎರಡು ತಿಂಗಳ ಚಿಕಿತ್ಸೆಯ ನಂತರ ಸಹಪಾಠಿ ತರಗತಿಗೆ ಮರಳಿದ್ದಾನೆ. ಮಾತ್ರೆಯಿಂದ ಬೆಳಗ್ಗೆ ತೂಕಡಿಕೆ, ನೋಟ್ಸ್ ಬರೆಯುವುದು ನಿಧಾನ. ಮೊದಲ ವಾರ ನೀವೇನು ಮಾಡುವಿರಿ?” ನೋಟ್ಸ್ ಹಂಚಿಕೊಳ್ಳುವುದು, ಊಟಕ್ಕೆ ಕರೆಯುವುದು, ಕಾಯಿಲೆಯ ಬಗ್ಗೆ ಕೆದಕದಿರುವುದು ಇವೆಲ್ಲ ವಿದ್ಯಾರ್ಥಿಗಳಿಂದಲೇ ಬರಲಿ.

ಶಿಕ್ಷಕರಿಗೆ ಎಚ್ಚರಿಕೆ
ತರಗತಿಯಲ್ಲಿ ‘ಹುಚ್ಚು’ ಎಂಬ ಪದ ಬೇಡ. ಯಾರನ್ನೂ ಉದಾಹರಣೆಗೆ ಎಬ್ಬಿಸಬೇಡಿ. ರೋಗನಿರ್ಣಯ ನಮ್ಮ ಕೆಲಸವಲ್ಲ. ವಿದ್ಯಾರ್ಥಿಯ ನಡವಳಿಕೆ ಗಮನಾರ್ಹವಾಗಿ ಬದಲಾದರೆ ಖಾಸಗಿಯಾಗಿ ಮಾತಾಡಿಸಿ, ಮನೆಯವರನ್ನು ವೈದ್ಯರ ಬಳಿಗೆ ಕಳಿಸುವುದು ನಮ್ಮ ಕೆಲಸ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿದೆ ಎಂಬುದು ನೆನಪಿರಲಿ.

ಮೌಲ್ಯಮಾಪನ
೧. ದನಿಗಳು ನಿಂತ ಮೇಲೂ ಓದು ಕಷ್ಟವಾಗುವುದೇಕೆ?
೨. ‘ಸೋಮಾರಿ’ ಎಂಬ ಮಾತಿಗೆ ನಿಮ್ಮ ಉತ್ತರವೇನು?

ಮರುದಿನ ಪ್ರಶಿಕ್ಷಣಾರ್ಥಿ ಪಾಠವನ್ನು ಹೀಗೆ ಆರಂಭಿಸಿದರು: “ನಿನ್ನೆ ಒಂದು ಒಳ್ಳೆಯ ಪ್ರಶ್ನೆ ಬಂದಿತ್ತು, ನಾನು ಉತ್ತರಿಸಲಿಲ್ಲ.” ಯಾರು ಕೇಳಿದ್ದೆಂದು ಹೇಳಲಿಲ್ಲ, ಆ ಹುಡುಗಿಯ ಕಡೆ ನೋಡಲೂ ಇಲ್ಲ. ವೀಕ್ಷಣಾ ಹಾಳೆಯಲ್ಲಿ ಇದಕ್ಕೆ ಅಂಕದ ಕಾಲಂ ಇಲ್ಲ, ಷರಾದಲ್ಲಿ ಬರೆದೆ.